ಗಂಡಸರಿಗೆ ಹೊಡೆಯದ ಕರೆಂಟು

ಜೇಬಿನಲ್ಲಿ ಪೆನ್ನಿನ ಪಕ್ಕಕ್ಕೆ ಟೆಸ್ಟರ್ ಸಿಕ್ಕಿಸಿಕೊಂಡು ತಿರುಗುವ ಗೃಹಸ್ಥರನ್ನು ಜನ ಗೌರವದಿಂದ ಕಾಣುವ ಪದ್ಧತಿ ಯಾವ ವರ್ಷ ಆರಂಭವಾಯಿತೆಂದು ಹೇಳಲಾಗದು. ಅದನ್ನು ನಿಲ್ಲಿಸುವ ಕಾಲ ಮಾತ್ರ ಬಂದಿದೆ. ಟೆಸ್ಟರ್ ಎಂಬುದು ಕರೆಂಟು ಇದೆಯೋ ಇಲ್ಲವೋ ಎಂದಷ್ಟೇ ಹೇಳುವ ಬಡ ಉಪಕರಣ. ಹಿಡಿದವನಿಗೆ ಬುದ್ಧಿ ಇದೆಯೋ ಇಲ್ಲವೋ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಇದ್ದಿದ್ದರೆ ದ್ಯಾಮಪ್ಪನವರ ಮನೆಯಲ್ಲಿ ನಡೆದದ್ದು ನಡೆಯುತ್ತಿರಲಿಲ್ಲ.

ದ್ಯಾಮಪ್ಪನವರು ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯ ಒಂದು ಊರಿನಲ್ಲಿ ಸಹಕಾರಿ ಸಂಘದ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಸೇವೆಯಲ್ಲಿದ್ದಾಗ ಒಮ್ಮೆ ಸಂಘದ ಫ್ಯಾನು ತಿರುಗದೆ ನಿಂತಿತ್ತು. ಅವರು ಕುರ್ಚಿಯಿಂದೆದ್ದು ರೆಗ್ಯುಲೇಟರನ್ನು ಸೊನ್ನೆಯಿಂದ ಮೂರಕ್ಕೆ ತಿರುಗಿಸಿದರು, ಫ್ಯಾನು ಓಡಿತು. ಅಂದಿನಿಂದ ಊರಿನವರು ಅವರನ್ನು ಕರೆಂಟಿನ ವಿಷಯ ಬಲ್ಲವರೆಂದು ನಂಬಿದರು. ಊರಿನವರು ನಂಬಿದ ಮೇಲೆ ಅವರೂ ನಂಬಿದರು. ಈ ಎರಡನೆಯ ನಂಬಿಕೆಯೇ ಅಪಾಯಕಾರಿಯಾದದ್ದು.

ಕಳೆದ ಬೇಸಿಗೆಯಲ್ಲಿ ಹಿತ್ತಿಲಿಗೆ ಇಂಟರ್‌ಲಾಕ್ ಇಟ್ಟಿಗೆ ಹಾಸುವಾಗ, ಗೋಡೆಯಿಂದ ಇಳಿದು ನೆಲದೊಳಗೆ ಹೋಗುವ ಒಂದು ತಂತಿ ಅವರ ಕಣ್ಣಿಗೆ ಬಿತ್ತು. ಮನೆ ಕಟ್ಟಿದ ಕಾಲದಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಯಲ್ಲಿ ಹೂಳಿದ್ದ ಅರ್ಥಿಂಗ್ ತಂತಿ ಅದು. ಯಾವುದಾದರೂ ಯಂತ್ರ ಕೆಟ್ಟು ಅದರ ತಗಡಿನ ಮೈಗೆ ಕರೆಂಟು ಬಂದರೆ, ಮುಟ್ಟಿದವರ ಮೈಗೆ ಹೋಗಗೊಡದೆ ಅದನ್ನು ಮಣ್ಣಿಗೆ ಒಯ್ಯುವುದು ಆ ತಂತಿಯ ಕೆಲಸ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇದು ಚಿತ್ರಸಹಿತವಾಗಿ ಇರುತ್ತದೆ. ದ್ಯಾಮಪ್ಪನವರು ಆ ಪುಸ್ತಕಕ್ಕೆ ರಟ್ಟು ಹಾಕಿಸಿದ್ದರೇ ಹೊರತು ತೆರೆದಂತೆ ಕಾಣುವುದಿಲ್ಲ.

“ನೋಡು ಹೊನ್ನಿ, ಕರೆಂಟು ಸೀದಾ ಮಣ್ಣಿಗೆ ಹೊಂಟೈತಿ. ಎರಿಹುಳದ ಮನ್ಯಾಗ ಲೈಟ್ ಹಚ್ಚಾಕ ನಾವ್ಯಾಕ ಬಿಲ್ ತುಂಬಬೇಕು?” ಎಂದು ಅವರು ಇಟ್ಟಿಗೆ ಹೊರುತ್ತಿದ್ದ ಮನೆಗೆಲಸದ ಹೊನ್ನಿಯನ್ನು ಕೇಳಿದರು.

“ಸುಮ್‌ಸುಮ್ನೆ ಯಾರೂ ಹುಗಿಯೂದಿಲ್ಲ ಯಜಮಾನ್ರೆ. ಎಂತಕ್ಕೋ ಇಟ್ಟಿದ್ದು ಇರ್ಬೇಕು” ಎಂದಳು ಹೊನ್ನಿ.

ಊರಿನಲ್ಲಿ ಆ ದಿನ ಆಡಲಾದ ಏಕೈಕ ವಿವೇಕದ ಮಾತು ಇದು. ದ್ಯಾಮಪ್ಪನವರು ಇಕ್ಕಳ ತಂದು ತಂತಿಯನ್ನು ಕತ್ತರಿಸಿ, ಚೆಂದವಾಗಿ ಸುತ್ತಿ, ಗೋಡೆಯ ಮೊಳೆಗೆ ನೇತುಹಾಕಿದರು. ಮುಂದಿನ ಬಿಲ್ಲಿನಲ್ಲಿ ಹನ್ನೊಂದು ಯೂನಿಟ್ಟು ಕಡಿಮೆ ಬಂತು. ಆ ತಿಂಗಳು ಲೈನಿನ ಮೇಲೆ ಮರ ಬಿದ್ದು ನಾಲ್ಕು ದಿನ ಊರಿಗೇ ಕರೆಂಟು ಇರಲಿಲ್ಲವೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಿಲ್ಲನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಹದಿನೈದು ದಿನ ಬಸ್‌ಸ್ಟ್ಯಾಂಡಿನಲ್ಲಿ ತೋರಿಸಿದರು.

ಮಳೆ ಹಿಡಿದ ವಾರದಲ್ಲಿ ಸೊಸೆ ವಾಣಿಶ್ರೀ ಅಡುಗೆಮನೆಯಿಂದ ಕೂಗಿದಳು. ವಾಣಿಶ್ರೀ ಹಾನಗಲ್ ಕಡೆಯವಳು, ವಿಜ್ಞಾನ ಪದವೀಧರೆ. ಆರನೆಯ ತಿಂಗಳ ಬಸುರಿ. ಅವಳ ಗಂಡ ಭರತ್ ಯಲ್ಲಾಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದು ಶನಿವಾರ ಸಂಜೆ ಮಾತ್ರ ಮನೆಗೆ ಬರುತ್ತಿದ್ದ.

“ಮಾವಾರ, ಫ್ರಿಜ್ಜಿನ ಬಾಗಲಾ ಮುಟ್ಟಿದ್ರ ಕೈ ಜುಮ್ ಅಂತೈತ್ರಿ. ಮೊಳಕೈ ತನಕ ಬರ್ತೈತಿ.”

ದ್ಯಾಮಪ್ಪನವರು ಟೆಸ್ಟರ್ ಸಮೇತ ಆಗಮಿಸಿದರು. ಅವರ ಪಾದಗಳಲ್ಲಿ ಒಂದಂಗುಲ ದಪ್ಪದ ರಬ್ಬರ್ ಚಪ್ಪಲಿಗಳಿದ್ದವು. ಹಿಮ್ಮಡಿ ನೋವಿದ್ದುದರಿಂದ ಬರಿಗಾಲನ್ನು ನೆಲಕ್ಕೆ ತಾಗಿಸಬಾರದೆಂದು ಡಾಕ್ಟರು ಹೇಳಿದ್ದರು. ಉಳಿದವರು ಯಾರೂ ಆ ಮನೆಯೊಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಅವರ ಹೆಂಡತಿ ಪಾರ್ವತವ್ವನವರಿಗೆ ಅದು ಆಗದು. ಗಂಡನ ಚಪ್ಪಲಿಗೆ ಮಾತ್ರ ಡಾಕ್ಟರ ಹೆಸರಿನಲ್ಲಿ ವಿನಾಯಿತಿ ದೊರೆತಿತ್ತು.

ಅವರು ಫ್ರಿಜ್ಜಿನ ಮೇಲೆ ಅಂಗೈ ಊರಿ, ಹತ್ತರವರೆಗೆ ಎಣಿಸಿ, ಕೈ ತೆಗೆದರು.

“ಏನೂ ಇಲ್ಲ.”

“ಚಪ್ಪಲಿ ಬಿಟ್ಟು ಮುಟ್ಟಿ ನೋಡ್ರಿ ಮಾವಾರ. ರಬ್ಬರಿನ ಮ್ಯಾಲೆ ನಿಂತ್ರ ಗೊತ್ತಾಗೂದಿಲ್ರಿ.”

“ಮುಟ್ಟೂದು ಕೈಲೆ ಯವ್ವಾ. ಅದಕ್ಕೂ ಕಾಲಿಗೂ ಏನ್ ಸಂಬಂಧ?”

ಒಲೆಯ ಮುಂದಿನಿಂದ ಪಾರ್ವತವ್ವ ಹೇಳಿದರು: “ನನಗೂ ಬಡೀತೈತ್ರಿ. ಎಂಟ್ ದಿನಾ ಆತು. ನಾ ವಾಯು ಅಂತ ತಿಳಕೊಂಡು ಬಳ್ಳೊಳ್ಳಿ ತಿನ್ನಾಕತ್ತೀನಿ.”

“ಬಟ್ಟೆ ಮಷಿನ್ನು ಮುಟ್ಟಿದ್ರೆ ನಂಗೂ ಹೊಡೀತದೆ” ಎಂದಳು ಬಾಗಿಲಲ್ಲಿದ್ದ ಹೊನ್ನಿ.

ಮೂವರು ಹೆಂಗಸರ ಅನುಭವ ಒಂದು ಕಡೆ. ರಬ್ಬರಿನ ಮೇಲೆ ನಿಂತ ಒಂದು ಅಂಗೈ ಇನ್ನೊಂದು ಕಡೆ. ನ್ಯಾಯ ಯಾವ ಕಡೆಗೆ ತೀರ್ಮಾನವಾಯಿತೆಂದು ಬರೆಯುವ ಅಗತ್ಯವಿಲ್ಲ. ಆದರೂ ಕ್ರಮ ತಪ್ಪಬಾರದೆಂದು ದ್ಯಾಮಪ್ಪನವರು ಫ್ರಿಜ್ಜಿಗೆ ಟೆಸ್ಟರ್ ತಾಗಿಸಿದರು. ಅದರ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು.

ಅವರು ಅದನ್ನು ಬಹಳ ಹೊತ್ತು ನೋಡಿದರು. “ಟೆಸ್ಟರ್ ಕೆಟ್ಟೈತಿ” ಎಂದರು.

ಮರುದಿನ ಶಿರಸಿಗೆ ಹೋಗಿ ಹೊಸ ಟೆಸ್ಟರ್ ತಂದರು. ಅದೂ ಹೊತ್ತಿಕೊಂಡಿತು. ಅದನ್ನು ಹಿಂದಿರುಗಿಸಿ, ಅಂಗಡಿಯವನೊಡನೆ ಜಗಳವಾಡಿ, ಹೆಚ್ಚು ಬೆಲೆಯ ಇನ್ನೊಂದನ್ನು ತಂದರು. ಅದು ಮೊದಲಿನವೆರಡಕ್ಕಿಂತ ಪ್ರಕಾಶಮಾನವಾಗಿ ಹೊತ್ತಿಕೊಂಡಿತು. “ಈಗಿನ ಕಾಲದಾಗ ಒಳ್ಳೇ ಟೆಸ್ಟರ್ ಬರೂದ ಇಲ್ಲ” ಎಂದು ಅವರು ನಿಟ್ಟುಸಿರು ಬಿಟ್ಟರು. ಮೂರು ನಿರ್ಜೀವ ಸಾಕ್ಷಿಗಳು, ಮೂವರು ಸಜೀವ ಸಾಕ್ಷಿಗಳು. ಆರೂ ಸುಳ್ಳು, ತಾನೊಬ್ಬನೇ ಸತ್ಯ! ಇಂಥ ಆತ್ಮವಿಶ್ವಾಸವನ್ನು ಮಕ್ಕಳಲ್ಲಿ ಬೆಳೆಸಬೇಕೆಂದು ಭಾಷಣ ಮಾಡುವವರು ಅದರ ಫಲವನ್ನು ಒಮ್ಮೆ ಈ ಮನೆಗೆ ಬಂದು ನೋಡಬೇಕು.

ವಾಣಿಶ್ರೀ ಸುಮ್ಮನೆ ಕೂರುವವಳಲ್ಲ. ಶಿರಸಿಯಲ್ಲಿ ಅಂಗಡಿ ಇಟ್ಟಿದ್ದ ಸಂಜಯನೆಂಬ ಇಲೆಕ್ಟ್ರಿಶಿಯನ್ನನಿಗೆ ತಾನೇ ಫೋನು ಮಾಡಿದಳು. ಅವನು ಬೈಕಿನಲ್ಲಿ ಬಂದ. ದ್ಯಾಮಪ್ಪನವರು ಅವನನ್ನು ಗೇಟಿನಲ್ಲೇ ತಡೆದು, ಈ ಮನೆಯಲ್ಲಿ ಕರೆಂಟು ಬಲ್ಲವರು ಒಬ್ಬರು ಈಗಾಗಲೇ ಇದ್ದಾರೆಂದು ತಿಳಿಸಿ, ಚಹಾವನ್ನೂ ಕೊಡದೆ ಕಳುಹಿಸಿದರು. ಅವಳು ಗಂಡನಿಗೆ ಹೇಳಿದಳು. ಭರತ್ ಆ ಶನಿವಾರ ಬಂದು, ಊಟ ಮಾಡಿ, “ನನಗೇನೂ ಬಡೀಲಿಲ್ಲಲ್ಲ” ಎಂದ. ಅವನು ಹುಟ್ಟಿದಂದಿನಿಂದ ಆ ಮನೆಯ ಫ್ರಿಜ್ಜಿನ ಬಾಗಿಲನ್ನು ಸ್ವತಃ ತೆರೆದ ದಾಖಲೆ ಇಲ್ಲ. ನೀರು ಲೋಟದಲ್ಲಿ ಅವನಿದ್ದಲ್ಲಿಗೇ ಬರುತ್ತದೆ. ಬಟ್ಟೆ ಮಷಿನ್ನು ಹಿತ್ತಿಲಿನಲ್ಲಿ ಎಲ್ಲಿದೆಯೆಂದೂ ಅವನು ಖಚಿತವಾಗಿ ಹೇಳಲಾರ.

ಸೊಸೆಯ ಬಾಯಿ ಮುಚ್ಚಿಸಲೆಂದು ದ್ಯಾಮಪ್ಪನವರು ಲೈನ್‌ಮನ್ ವಿನೋದನನ್ನು ಕರೆತಂದರು. ವಿನೋದ ಮೊಣಕಾಲುದ್ದದ ಗಮ್‌ಬೂಟು ಹಾಕಿಕೊಂಡಿದ್ದ. ಹೊಸ್ತಿಲ ಬಳಿ ಬಿಚ್ಚಲು ಬಗ್ಗಿದಾಗ, “ಇರಲಿ ಬರ್ರಿ, ನಿಮಗೇನ್ ಮಡಿ” ಎಂದು ದ್ಯಾಮಪ್ಪನವರೇ ಒಳಗೆ ಕರೆದರು. ಬೇರೆ ಯಾರಿಗೂ ಸಿಗದ ಸೌಜನ್ಯವು ಸರಕಾರದ ಬೂಟಿಗೆ ಸಿಕ್ಕಿತು. ವಿನೋದ ಫ್ರಿಜ್ಜನ್ನು ಮುಟ್ಟಿದ. ದ್ಯಾಮಪ್ಪನವರು ಮುಟ್ಟಿದರು. ಇಬ್ಬರೂ ಪರಸ್ಪರ ನೋಡಿ ತಲೆಯಾಡಿಸಿದರು.

“ಏನಿಲ್ಲ ಬಿಡ್ರಿ. ಬಸುರಿ ಇದ್ದಾಗ ಹೆಂಗಸ್ರಿಗೆ ಏನೇನೋ ಅನಸ್ತೈತಿ” ಎಂದ ವಿನೋದ.

“ನಾ ಬಸುರಿ ಇಲ್ಲಲ್ಲೋ ತಮ್ಮಾ!” ಎಂದರು ಪಾರ್ವತವ್ವ. ಅರವತ್ತೊಂದು ವರ್ಷದ ಆ ತಾಯಿಯ ಆಕ್ಷೇಪಕ್ಕೆ ಉತ್ತರ ಕೊಡುವ ಹೊಣೆ ಇಲಾಖೆಯ ವ್ಯಾಪ್ತಿಗೆ ಬರಲಿಲ್ಲ.

ಆದರೆ ಹೆಂಗಸರಿಗೆ ಮಾತ್ರ ಏಕೆ ಹೊಡೆಯುತ್ತದೆ ಎಂಬ ಪ್ರಶ್ನೆ ದ್ಯಾಮಪ್ಪನವರ ತಲೆಯಲ್ಲಿ ಉಳಿಯಿತು. ಉತ್ತರ ತಾನಾಗಿ ಮನೆ ಬಾಗಿಲಿಗೆ ಬಂತು. ಆಶಾ ಕಾರ್ಯಕರ್ತೆ ಗೌರಕ್ಕ ಬಂದು ವಾಣಿಶ್ರೀಯ ಕೈಗೆ ಕೆಂಪು ಗುಳಿಗೆಗಳ ಪಟ್ಟಿ ಕೊಟ್ಟರು. ದ್ಯಾಮಪ್ಪನವರು ಅದನ್ನು ತೆಗೆದುಕೊಂಡು ಕನ್ನಡಕ ಏರಿಸಿ ಓದಿದರು. ಕಬ್ಬಿಣಾಂಶದ ಗುಳಿಗೆ. ವಿಚಾರಿಸಿದಾಗ ನಿಶ್ಶಕ್ತಿಯೆಂದು ಪಾರ್ವತವ್ವನೂ ಅದೇ ಗುಳಿಗೆ ನುಂಗುತ್ತಿದ್ದುದು ತಿಳಿಯಿತು. ಹೊನ್ನಿಯೂ ನುಂಗುತ್ತಿದ್ದಳು. ದ್ಯಾಮಪ್ಪನವರು ನುಂಗುತ್ತಿರಲಿಲ್ಲ, ಭರತ್ ನುಂಗುತ್ತಿರಲಿಲ್ಲ, ಫೋನು ಮಾಡಿ ಕೇಳಿದರೆ ಲೈನ್‌ಮನ್ ವಿನೋದನೂ ನುಂಗುತ್ತಿರಲಿಲ್ಲ.

ಆ ಸಂಜೆಯೇ ಅವರು ಮೂವರ ಗುಳಿಗೆಗಳನ್ನೂ ಸಂಗ್ರಹಿಸಿ, ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಶಿವದಾರದಂತೆ ಕೊರಳಿಗೆ ಕಟ್ಟಿಕೊಂಡರು. ವಾಣಿಶ್ರೀ ಅತ್ತಳು, ವಾದಿಸಿದಳು, ಪುಸ್ತಕ ತಂದು ತೋರಿಸಿದಳು. ಅವಳಿಗೆ ರಕ್ತ ಕಡಿಮೆ ಇತ್ತು. ಗುಳಿಗೆ ತಪ್ಪಿಸಬಾರದೆಂದು ಡಾಕ್ಟರು ಎರಡು ಸಲ ಹೇಳಿದ್ದರು.

“ಪುಸ್ತಕ ಬರದಾಂವ ನಮ್ಮನ್ಯಾಗ ಬಂದು ನೋಡ್ಯಾನೇನು?” ಎಂದು ದ್ಯಾಮಪ್ಪನವರು ಕೇಳಿದರು.

ಸುದ್ದಿ ತಿಳಿದು ಗೌರಕ್ಕ ಓಡಿ ಬಂದರು. ಕೊಡೆಯನ್ನು ಮಡಿಸುವ ಮೊದಲೇ ಮಾತು ಶುರುವಾಯಿತು.

“ಎಂತ ಮಾರಾಯ್ರೆ ಇದು? ಗುಳಿಗೆ ಕಪಾಟಲ್ಲಿ ಇಟ್ಟು ಬೀಗ ಹಾಕಿದ್ರಂತೆ?”

“ಕಬ್ಬಿಣ ಕರೆಂಟನ್ನ ಎಳೀತೈತಿ, ಗೌರಕ್ಕ. ನಿಮಗ ಗೊತ್ತಿಲ್ಲ. ಕರೆಂಟಿನ ಕಂಬ ಯಾಕ ಕಬ್ಬಿಣದ್ದು ಮಾಡ್ತಾರ?”

“ಈ ಊರಿನ ಕಂಬ ಸಿಮೆಂಟಿನದ್ದು.”

“ಅದಕ್ಕ ದಿನಾ ಕರೆಂಟ್ ಹೋಗ್ತೈತಿ!”

ಗೌರಕ್ಕ ಕೊಡೆಯನ್ನು ಮಡಿಸಿ ನೆಲಕ್ಕೆ ಕುಟ್ಟಿದರು. ಆಮೇಲೆ ಅವರು ಮಾಡಬಾರದ ತಪ್ಪು ಮಾಡಿದರು, ವ್ಯಂಗ್ಯವಾಡಿದರು. “ಹಾಗಾದ್ರೆ ಹರಿವೆ ಸೊಪ್ಪಲ್ಲೂ ಕಬ್ಬಿಣ ಇರ್ತದೆ, ಬೆಲ್ಲದಲ್ಲೂ ಇರ್ತದೆ. ಅದಕ್ಕೂ ಬೀಗ ಹಾಕಿ!”

“ಹೌದೇನು?” ಎಂದು ದ್ಯಾಮಪ್ಪನವರು ಗಂಭೀರವಾಗಿ ಕೇಳಿದರು.

ಮರುದಿನದಿಂದ ಆ ಮನೆಯಲ್ಲಿ ಸೊಪ್ಪು ನಿಂತಿತು, ಬೆಲ್ಲ ಬೀಗದೊಳಗೆ ಹೋಯಿತು, ರೊಟ್ಟಿ ಸುಡುವ ಕಬ್ಬಿಣದ ಹೆಂಚು ಅಟ್ಟ ಸೇರಿತು. ಬಸ್‌ಸ್ಟ್ಯಾಂಡಿನ ಸಭೆಯಲ್ಲಿ ಈ ಸಂಶೋಧನೆ ಮಂಡನೆಯಾಗಿ, ಊರಿನ ಇನ್ನೂ ನಾಲ್ಕು ಮನೆಗಳ ಯಜಮಾನರು ತಮ್ಮ ಮನೆಯ ಗುಳಿಗೆಗಳನ್ನು ಗೌರಕ್ಕನಿಗೆ ಹಿಂದಿರುಗಿಸಿದರು. ಅವರಲ್ಲೊಬ್ಬರು ಶಾಲಾ ಸುಧಾರಣಾ ಸಮಿತಿಯ ಅಧ್ಯಕ್ಷರು. ಯಾವ ಶಾಲೆಯನ್ನು ಅವರು ಸುಧಾರಿಸಲಿದ್ದಾರೋ ಆ ಶಾಲೆಯ ಮಕ್ಕಳ ಬಗ್ಗೆ ಮರುಕವಾಗುತ್ತದೆ.

ಐದು ವಾರಗಳ ನಂತರ ವಾಣಿಶ್ರೀಯ ರಕ್ತ ಪರೀಕ್ಷೆಯಾಯಿತು. ಒಂಬತ್ತೂವರೆ ಇದ್ದ ಹಿಮೋಗ್ಲೋಬಿನ್ ಎಂಟೂವರೆಗೆ ಇಳಿದಿತ್ತು. ಇನ್ನೂ ಇಳಿದರೆ ಹೆರಿಗೆಯಲ್ಲಿ ತಾಯಿಗೂ ಮಗುವಿಗೂ ಕಷ್ಟವಾಗುತ್ತದೆಂದು ಡಾಕ್ಟರು ಎಚ್ಚರಿಸಿದರು. ಫ್ರಿಜ್ಜು ಮಾತ್ರ ಮೊದಲಿನಂತೆಯೇ ಹೊಡೆಯುತ್ತಿತ್ತು. ಕಬ್ಬಿಣ ಬಿಟ್ಟ ಮೇಲೂ ಏಕೆ ಹೊಡೆಯುತ್ತದೆಂದು ಹೆಂಡತಿ ಕೇಳಿದ್ದಕ್ಕೆ, “ಹಳೇ ಸ್ಟಾಕು ಇಳೀಬೇಕಲ್ಲ, ಟೈಮ್ ತಗೋತೈತಿ” ಎಂದರು ಸಂಘದ ಮಾಜಿ ಕಾರ್ಯದರ್ಶಿಗಳು.

ಇಷ್ಟರಲ್ಲಿ ಕುಬಸದ, ಅಂದರೆ ಸೀಮಂತದ, ದಿನ ಬಂತು. ವಾಣಿಶ್ರೀಯ ತಾಯಿ ನೀಲವ್ವ, ಹಸಿರು ಸೀರೆ, ಬಳೆ, ಐದು ಬಗೆಯ ಬುತ್ತಿ ಹೊರಿಸಿಕೊಂಡು, ಹದಿನೈದು ಜನರೊಂದಿಗೆ ಟೆಂಪೋದಲ್ಲಿ ಬಂದಿಳಿದರು. ಕುಬಸ ಮುಗಿಸಿ ಮಗಳನ್ನು ಹೆರಿಗೆಗೆ ತವರಿಗೆ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಎಲ್ಲರೂ ಪದ್ಧತಿಯಂತೆ ಚಪ್ಪಲಿಗಳನ್ನು ಅಂಗಳದಲ್ಲಿ ಬಿಟ್ಟು ಒಳಗೆ ಬಂದರು. ನೀಲವ್ವ ಮೊಸರುಬುತ್ತಿಯ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಲು ಹೋದರು.

“ಅಯ್ಯ ಯಪ್ಪಾ!”

ಡಬ್ಬಿ ಬಿತ್ತು, ಬುತ್ತಿ ಚೆಲ್ಲಿತು. ಎತ್ತಲು ಬಂದ ವಾಣಿಶ್ರೀಯ ಅತ್ತಿಗೆ ಫ್ರಿಜ್ಜನ್ನು ಹಿಡಿದು ಬಗ್ಗಿ, ಅವಳೂ ಚೀರಿದಳು. ಹಾನಗಲ್ಲಿನ ಹೆಂಗಸರು ಗೋಡೆಗೆ ಒತ್ತಿಕೊಂಡು ನಿಂತರು.

ಕುಬಸಕ್ಕೆ ಬಂದಿದ್ದ ಮಠದ ಅಯ್ಯನವರ ಪಾದ ತೊಳೆದು ಪೂಜೆಯನ್ನು ಆಗಷ್ಟೇ ಮುಗಿಸಿ ಎದ್ದಿದ್ದ ದ್ಯಾಮಪ್ಪನವರು ಅಡುಗೆಮನೆಗೆ ಧಾವಿಸಿದರು. “ಗಾಬರಿ ಆಗಬ್ಯಾಡ್ರಿ ಬೀಗತಿಯವರ. ನಿಮ್ಮ ಕಡೆ ಬೋರಿನ ನೀರಾಗ ಕಬ್ಬಿಣ ಭಾಳ. ಅದು ಮೈಯಾಗ ಕುಂತು ಕರೆಂಟ್ ಎಳೀತೈತಿ.”

“ಕಬ್ಬಿಣ ನಮ್ಮ ನೀರಾಗ ಇಲ್ರಿ ಬೀಗರ, ನಿಮ್ಮ ತಲಿಯಾಗ ಐತಿ!” ಎಂದರು ನೀಲವ್ವ. “ಅದ ನೀರು ಕುಡದು ಹನ್ನೆರಡು ವರ್ಷ ನಮ್ಮನಿ ಫ್ರಿಜ್ ಮುಟ್ಟೇನಿ, ಒಮ್ಮೆರ ಬಡದಿಲ್ಲ. ನನ್ನ ಮಗಳ ಮಾರಿ ನೋಡ್ರಿ, ಸುಣ್ಣ ಬಳದಂಗ ಆಗೇತಿ. ಔಷಧಕ್ಕ ಬೀಗ ಹಾಕೀರಂತ?”

ಹದಿನೈದು ಜನ ಬೀಗರ ಕಡೆಯವರು, ಊರಿನ ಪ್ರಮುಖರು, ಅಯ್ಯನವರು, ಎಲ್ಲರೂ ಕೇಳಿಸಿಕೊಂಡರು. ಮಾನ ಉಳಿಸಿಕೊಳ್ಳಲು ದ್ಯಾಮಪ್ಪನವರಿಗೆ ಒಂದೇ ದಾರಿ ಕಂಡಿತು. ಅವರು ತೋಳು ಮಡಿಚಿದರು.

“ನಾ ಎರಡೂ ಕೈಲೆ ಮುಟ್ತೀನಿ, ನಿಂತು ನೋಡ್ರಿ ಎಲ್ಲಾರೂ.”

“ಮಾವಾರ, ಬ್ಯಾಡ್ರಿ!” ವಾಣಿಶ್ರೀ ಕೂಗಿದಳು. “ಕಾಲಾಗ ಚಪ್ಪಲಿಲ್ಲ, ಕಾಲು ಹಸಿ ಅದಾವ!”

ಐದು ವಾರ ತನ್ನ ಔಷಧವನ್ನು ಕಸಿದಿಟ್ಟುಕೊಂಡ ಮನುಷ್ಯನಿಗೆ ಅವಳು ಕೊಟ್ಟ ಎಚ್ಚರಿಕೆ ಇದು. ಪಾದಪೂಜೆಗೆ ಬರಿಗಾಲಾಗಿದ್ದ ಆ ಮನುಷ್ಯ, “ಸುಮ್ಕಿರು ಯವ್ವಾ” ಎಂದು, ಎರಡೂ ಅಂಗೈಗಳನ್ನು ಫ್ರಿಜ್ಜಿನ ಮೇಲೆ ಪಟಾರನೆ ಊರಿದರು.

ಮುಂದೆ ಹೊರಟ ಧ್ವನಿಯನ್ನು ಅಕ್ಷರಗಳಲ್ಲಿ ಬರೆಯುವ ವ್ಯವಸ್ಥೆ ನಮ್ಮ ವರ್ಣಮಾಲೆಯಲ್ಲಿಲ್ಲ. ಪೂಜೆಗೆ ಸುತ್ತಿದ್ದ ಪೇಟ ಹಾರಿ ಸಾರಿನ ಪಾತ್ರೆಗೆ ಬಿತ್ತು. ಟೆಸ್ಟರ್ ಜೇಬಿನಿಂದ ನೆಗೆದು ಒಲೆಯ ಕೆಳಗೆ ಸೇರಿತು. ದ್ಯಾಮಪ್ಪನವರು ಹಿಂದಕ್ಕೆ ಚಿಮ್ಮಿ, ಚೆಲ್ಲಿದ್ದ ಮೊಸರುಬುತ್ತಿಯ ಮೇಲೆ ಪದ್ಮಾಸನಕ್ಕೆ ಸಮೀಪವಾದ ಒಂದು ಭಂಗಿಯಲ್ಲಿ ಕುಳಿತರು. ಹೊನ್ನಿ ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು. ಬುದ್ಧಿ ಬಂದ ಮನುಷ್ಯನ ಮೊದಲ ಮಾತು ಏನಿರಬಹುದು? ಕ್ಷಮಾಪಣೆಯೇ? ಪಶ್ಚಾತ್ತಾಪವೇ?

“ಈಗ ಬಂತು!” ಎಂದರು ದ್ಯಾಮಪ್ಪನವರು. “ಇಷ್ಟು ದಿನ ಇರಲಿಲ್ಲ. ಈಗ ಬಂದೈತಿ! ನಾ ಕಂಡುಹಿಡದೆ!”

ಊರಿನ ಪ್ರಮುಖರು ಹೌದೆಂದು ತಲೆದೂಗಿದರು. “ಯಜಮಾನ್ರಿಗೇ ಹೊಡೀತಂತ!” ಎಂಬ ಸುದ್ದಿ ಕ್ಷಣಾರ್ಧದಲ್ಲಿ ರಸ್ತೆಗೆ ಮುಟ್ಟಿತು. ಭರತ್ ಹೆಂಡತಿಯ ಫೋನಿನಿಂದ ಸಂಜಯನ ನಂಬರು ಹುಡುಕಿ, ಎಷ್ಟು ದುಡ್ಡಾದರೂ ಸರಿ, ಈಗಲೇ ಬಾ ಎಂದ. ಲೈನ್‌ಮನ್ ವಿನೋದ ಕರೆಯದೆಯೇ ಬಂದು, ತನ್ನ ದೂರು ಪುಸ್ತಕವನ್ನು ತೆರೆದು ಹೀಗೆ ಬರೆದ: ‘ಮನೆಯ ಯಜಮಾನರಿಗೆ ಇಂದು ವಿದ್ಯುತ್ ಸ್ಪರ್ಶವಾಗಿದೆ. ಇದಕ್ಕೂ ಮೊದಲು ಯಾರಿಗೂ ಆದ ಬಗ್ಗೆ ಮಾಹಿತಿ ಇರುವುದಿಲ್ಲ.’ ಮಾಹಿತಿ ಇದ್ದವರು ಐದು ಜನ ಅವನ ಎದುರಿಗೇ ನಿಂತಿದ್ದರು. ಅವರೆಲ್ಲರೂ ಸೀರೆ ಉಟ್ಟಿದ್ದರು.

ಸಂಜಯ ಶಿರಸಿಯಿಂದ ಮುಕ್ಕಾಲು ಗಂಟೆಯಲ್ಲಿ ಬಂದ. ಹಿತ್ತಿಲಿಗೆ ಹೋದವನು ಮೊಳೆಗೆ ನೇತಾಡುತ್ತಿದ್ದ ತಂತಿಯನ್ನು ಹಿಡಿದು ನೋಡಿ, “ಇದನ್ನ ಕತ್ತರಿಸಿದ್ದು ಯಾರು?” ಎಂದು ಕೇಳಿದ.

ಹೊನ್ನಿ ಆಕಾಶ ನೋಡಿದಳು.

“ಬಟ್ಟೆ ಮಷಿನ್ನಿನ ಒಳಗೆ ಇಲಿ ವೈರು ಕಡಿದಿದೆ. ಮಷಿನ್ನಿನ ಮೈಗೆ ಕರೆಂಟು ಬರ್ತಾ ಇದೆ. ಅರ್ಥಿಂಗ್ ತಂತಿ ಎಲ್ಲಾದಕ್ಕೂ ಒಂದೇ, ಅದಕ್ಕೇ ಫ್ರಿಜ್ಜಿಗೂ ಬಂತು. ಮಣ್ಣಿಗೆ ಹೋಗೂ ದಾರಿ ನೀವೇ ಕಡಿದು ಹಾಕಿದ್ರೆ ಅದು ಎಂತ ಮಾಡ್ತದೆ? ಯಾರ ಕಾಲು ನೆಲಕ್ಕೆ ತಾಗ್ತದೋ ಅವರ ಮೈಯಿಂದ ಹೋಗ್ತದೆ. ಗಂಡಸು ಹೆಂಗಸು ಅಂತ ಕೇಳೂದಿಲ್ಲ ಅದು.”

ಅವನು ವೈರು ಬದಲಿಸಿದ, ತಂತಿ ಜೋಡಿಸಿದ, ಗುಂಡಿಗೆ ಉಪ್ಪು ನೀರು ಹೊಯ್ಯಿಸಿದ. ಸೋರಿಕೆ ಕಂಡೊಡನೆ ತಾನಾಗಿ ಕರೆಂಟು ಕಡಿಯುವ ಒಂದು ಸ್ವಿಚ್ಚನ್ನೂ ಮೀಟರಿನ ಬಳಿ ಕೂರಿಸಿದ. ಮೇನ್ ಹಾಕಿ, ಮೊದಲು ತಾನೇ ಬರಿಗಾಲಿನಲ್ಲಿ ನಿಂತು ಫ್ರಿಜ್ಜು ಮುಟ್ಟಿದ. ಆಮೇಲೆ ಪಾರ್ವತವ್ವ ಮುಟ್ಟಿದರು, ಹೊನ್ನಿ ಮುಟ್ಟಿದಳು, ನೀಲವ್ವ ಅಂಜುತ್ತ ಒಂದು ಬೆರಳು ತಾಗಿಸಿದರು. ಏನೂ ಆಗಲಿಲ್ಲ. ಎರಡು ತಿಂಗಳ ಪೀಡೆ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಪಾರ್ವತವ್ವ ಗಂಡನ ಕೊರಳಿನಿಂದ ಕಪಾಟಿನ ಕೀಲಿಯನ್ನು, ಅನುಮತಿ ಕೇಳದೆ, ಬಿಚ್ಚಿಕೊಂಡು ಸೊಸೆಯ ಗುಳಿಗೆಗಳನ್ನು ತಂದುಕೊಟ್ಟರು.

ಟೆಂಪೋ ಹೊರಡುವ ಹೊತ್ತಿಗೆ ದ್ಯಾಮಪ್ಪನವರು ಮತ್ತೆ ಚಪ್ಪಲಿ ಮೆಟ್ಟಿ, ಗಂಟಲು ಸರಿಪಡಿಸಿಕೊಂಡು ಬಂದರು.

“ನಿಶ್ಚಿಂತಿ ಹೋಗಿ ಬಾ ಯವ್ವಾ. ಮನಿ ಈಗ ಸುರಕ್ಷಿತ ಐತಿ. ಬಾಣಂತನ ಮುಗದ ಕೂಡಲೇ ಕೂಸಿನ್ನ ಕರಕೊಂಡು ಬಂದುಬಿಡು.”

“ಸುರಕ್ಷಿತ ಐತೇನ್ರಿ ಮಾವಾರ?” ವಾಣಿಶ್ರೀ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. “ಹಂಗಾರ ಚಪ್ಪಲಿ ಬಿಟ್ಟು ಒಮ್ಮೆ ಫ್ರಿಜ್ ಮುಟ್ಟಿ ಬರ್ರಿ.”

ದ್ಯಾಮಪ್ಪನವರು ಅಡುಗೆಮನೆಯ ಕಡೆ ನೋಡಿದರು. ತಮ್ಮ ಕಾಲಿನ ಕಡೆ ನೋಡಿದರು. “ಅದು... ಡಾಕ್ಟರು...” ಎಂದರು.

“ಅವಸರಿಲ್ಲ ಬಿಡ್ರಿ. ನೀವು ಬರಿಗಾಲಾಗ ಮುಟ್ಟಿದ್ದು ನಾ ಕಣ್ಣಾರೆ ಕಂಡ ದಿನ ಬರ್ತೀನಿ.”

ಹೆರಿಗೆ ಸುಗಮವಾಯಿತು. ಹೆಣ್ಣು ಮಗು, ತಾಯಿಯ ರಕ್ತ ಹನ್ನೊಂದಕ್ಕೆ ಏರಿದೆ. ಮಗುವಿಗೆ ಈಗ ಐದು ತಿಂಗಳು ತುಂಬಿದೆ, ಎರಡು ಹಲ್ಲು ಮೂಡಿವೆಯಂತೆ. ಪಾರ್ವತವ್ವ ಎರಡು ಸಲ ಹಾನಗಲ್ಲಿಗೆ ಹೋಗಿ ಎತ್ತಿ ಆಡಿಸಿ ಬಂದಿದ್ದಾರೆ. ಭರತ್ ಯಲ್ಲಾಪುರದಿಂದ ಶನಿವಾರ ಸೀದಾ ಅಲ್ಲಿಗೇ ಹೋಗುತ್ತಾನೆ, ಮತ್ತು ಅತ್ತೆಯ ಮನೆಯಲ್ಲಿ ನೀರನ್ನು ತಾನೇ ತೆಗೆದುಕೊಳ್ಳುವುದನ್ನು ಕಲಿತಿದ್ದಾನೆ. ಅಜ್ಜ ಮಾತ್ರ ಪ್ರತಿ ಸೋಮವಾರ ವಿಡಿಯೋ ಕಾಲಿನಲ್ಲಿ ಮೊಮ್ಮಗಳ ಮುಖ ನೋಡುತ್ತಾರೆ. ಕರೆಯನ್ನು ಅವರು ಫ್ರಿಜ್ಜಿನ ಪಕ್ಕದಲ್ಲೇ ನಿಂತು ಮಾಡುತ್ತಾರೆ, ಅದರ ಮೇಲೆ ಕೈಯಿಟ್ಟುಕೊಂಡೇ ಮಾತಾಡುತ್ತಾರೆ.

“ನೋಡ್ ಯವ್ವಾ, ಮುಟ್ಟೇನಿ. ಈ ವಾರ ಬಂದುಬಿಡ್ರಿ. ಕೂಸಿನ್ನ ಒಮ್ಮೆ ಎತ್ತಿಕೋಬೇಕು ನಾನು” ಎಂದರು ಮೊನ್ನೆಯ ಸೋಮವಾರ.

“ಫೋನ್ ಕೆಳಗ ಮಾಡ್ರಿ ಮಾವಾರ. ಕಾಲು ಕಾಣವಲ್ಲವು.”

“ಹಲೋ? ಹಲೋ? ನೆಟ್‌ವರ್ಕ್ ಸರಿ ಇಲ್ಲ ಯವ್ವಾ ಇಲ್ಲಿ. ಟವರಿನ್ಯಾಗ ಏನೋ ದೋಷ ಐತಿ, ನಾ ನೋಡೇನಿ—”

ಪಾರ್ವತವ್ವ ಅವರ ಕೈಯಿಂದ ಫೋನು ತೆಗೆದುಕೊಂಡು ನೆಲದ ಕಡೆ ತಿರುಗಿಸಿ ಹಿಡಿದರು. ತೆರೆಯ ತುಂಬ ಒಂದಂಗುಲ ದಪ್ಪದ ರಬ್ಬರ್ ಚಪ್ಪಲಿಗಳು ಕಂಡವು.

“ಮುಂದಿನ ಸ್ವಾಮಾರ ನೋಡೂಣ್ರಿ” ಎಂದಳು ವಾಣಿಶ್ರೀ.